ನೀರು ಬಾಗಿಲಿಂದಲ್ಲ, ಬಚ್ಚಲಿಂದ ಬರುತ್ತಿತ್ತು

ಈ ಸಲದ ಮಳೆಗೆ ಹೊಸ್ತಿಲ ಮೇಲೆ ನಾಲ್ಕು ಬೆರಳು ನೀರು ನಿಂತಿತ್ತು. ಒಳಗೆ ನೆಲ ಒಣಗೇ ಇತ್ತು. ಬಾಗಿಲ ಸಂದಿಯಲ್ಲಿ ಜಿನುಗಿದ್ದು ಎರಡು ಬಕೆಟ್ ಇರಬಹುದು, ಒರೆಸಿ ಹಿಂಡಿದೆ, ಅಷ್ಟೇ. "ವಾಲ್ವ್ ಹಾಕಿಸಿದ್ರೆ ಪ್ರವಾಹ ನಿಲ್ಲುತ್ತೇನಯ್ಯಾ?" ಅಂತ, ನಾನು ಚರಂಡಿ ಪೈಪಿಗೆ ವಾಲ್ವ್ ಹಾಕಿಸಿದಾಗ ನಕ್ಕಿದ್ದ ನಮ್ಮ ಭಾವ ಅವತ್ತು ರಾತ್ರಿ ಫೋನ್ ಮಾಡಿ, ಅದು ಯಾವ ಸೈಜಿನದು ಅಂತ ಮೆಲ್ಲಗೆ ಕೇಳಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಮರಳಿನ ಮೂಟೆ ನಂಬಿದೆ. ಸುಮಾರು 60 ಮೂಟೆ, ಎಲ್ಲವನ್ನೂ ಬಾಯಿತನಕ ತುಂಬಿ ಬಿಗಿಯಾಗಿ ಕಟ್ಟಿದ್ದೆ. ಫುಟ್‌ಬಾಲ್ ಜೋಡಿಸಿದ ಹಾಗೆ ಆಯಿತು, ಸಂದುಸಂದಿನಲ್ಲೂ ನೀರು. ಮುಂದಿನ ಸಲ ಅರ್ಧಕ್ಕಿಂತ ತುಸು ಜಾಸ್ತಿ ತುಂಬಿ, ಬಾಯಿ ಮಡಚಿ ಅಡಿಗೆ ಹಾಕಿ, ಇಟ್ಟಿಗೆ ಕಟ್ಟಿದ ಹಾಗೆ ಸಂದು ತಪ್ಪಿಸಿ ಇಟ್ಟು ತುಳಿದೆ. ಹೊರಗಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ. ಒಂದು ಹನಿ ಬರಲಿಲ್ಲ! ಸೊಂಟಕ್ಕೆ ಕೈ ಇಟ್ಟುಕೊಂಡು ನೋಡುತ್ತಾ ನಿಂತಿದ್ದೆ, ಹಿಂದಿನಿಂದ ಗುಳುಗುಳು ಅಂತ ಸದ್ದು. ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಉಕ್ಕುತ್ತಿತ್ತು. ಬೀದಿಯ ಒಳಚರಂಡಿ ತುಂಬಿದ ಮೇಲೆ ಅದಕ್ಕೆ ಹೋಗೋಕೆ ಜಾಗ ಎಲ್ಲಿ, ನಮ್ಮ ಮನೆಯೇ. ತಮಾಷೆ ಅಂದರೆ, ಬೀದಿ ನೀರು ಇಳಿದ ಮೇಲೂ ಒಳಗಿನದು ಹೊರಗೆ ಹೋಗದಂತೆ ತಡೆದಿದ್ದು ನನ್ನದೇ ಮೂಟೆಗಳು.

ಆಮೇಲೆ ಮನೆಯ ಕೊಳಚೆ ನೀರು ಸೇರುವ ಕೊನೆಯ ಚೇಂಬರ್ ದಾಟಿ ಬೀದಿಗೆ ಹೋಗುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿದೆ. ಅದರೊಳಗಿನ ರೆಕ್ಕೆ ಹೊರಗೆ ಹೋಗುವ ನೀರಿಗೆ ತೆರೆಯುತ್ತದೆ, ವಾಪಸ್ ಬರುವ ನೀರಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಪ್ಲಂಬರ್ "ದಂಡ ಸಾರ್" ಅಂದ. ಒಂದು ತಿಂಗಳ ಸಂಬಳ ಹತ್ತಿರಹತ್ತಿರ ಹೋಯಿತು. ವಾಲ್ವ್‌ಗೆ ಅದರಲ್ಲಿ ಕಾಲು ಭಾಗ ಇರಬಹುದು, ಉಳಿದದ್ದೆಲ್ಲ ಅಗೆಯೋಕೆ, ಮುಚ್ಚೋಕೆ, ಒಡೆದ ಟೈಲ್ಸ್ ಮತ್ತೆ ಕೂರಿಸೋಕೆ.

ಮುಂದಿನ ಮಳೆಗೆ ಮೊದಲಿಗಿಂತ ಬೇಗ ಮನೆ ತುಂಬಿತು.

ಎರಡು ದಿನ ಪ್ಲಂಬರನ್ನೇ ಬೈದೆ, ಪಾಪ. ತಪ್ಪು ನನ್ನದು. ತಾರಸಿಯ ಮಳೆನೀರಿನ ಪೈಪು ಅದೇ ಚೇಂಬರಿಗೆ ಬಂದು ಬೀಳುತ್ತಿತ್ತು. ಹೊರಗೆ ನೀರು ಏರಿದಾಗ ವಾಲ್ವ್ ಸರಿಯಾಗಿಯೇ ಮುಚ್ಚಿಕೊಂಡಿದೆ, ತಾರಸಿ ನೀರು ಹೋಗುವ ದಾರಿ ಇಲ್ಲದೆ ಒಳಗೆ ಉಕ್ಕಿದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ಅಲ್ವಾ. ನಮ್ಮ ತಾರಸಿ ಸುಮಾರು 100 ಚದರ ಮೀಟರ್, ಅವತ್ತು ಬಿದ್ದಿದ್ದು 50 ಮಿಲಿಮೀಟರ್ ಆಸುಪಾಸು. ಐದು ಸಾವಿರ ಲೀಟರನ್ನು ನಾನೇ ಪೈಪ್ ಹಾಕಿ ಮನೆಗೆ ಕರೆದುಕೊಂಡಿದ್ದೆ. ಆ ಪೈಪನ್ನು ಬೇರೆ ಮಾಡಿ ಅಂಗಳಕ್ಕೆ ಬಿಟ್ಟೆ. ವಾಲ್ವ್ ಮುಚ್ಚಿದಾಗ ಮನೆಯವರು ಸ್ನಾನ ಮಾಡಿದರೂ ಫ್ಲಶ್ ಒತ್ತಿದರೂ ಇದೇ ಕಥೆ. ಈಗ ಫ್ಲಶ್ ಗುಂಡಿಗೆ ಕೆಂಪು ಟೇಪ್ ಅಂಟಿಸುತ್ತೇನೆ. ಬಚ್ಚಲಿನ ಜಾಲರಿಗೂ ಒಂದು ಉಪಾಯ ಮಾಡಿದ್ದೇನೆ, ಅದನ್ನು ಭಾವನಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಮಕ್ಕಳ ಡೈಪರ್ ಒಳಗಿನ ಪುಡಿ ನೀರು ಕುಡಿದು ಉಬ್ಬುತ್ತದಲ್ಲ, ಅದನ್ನು ಬಟ್ಟೆ ಚೀಲಕ್ಕೆ ತುಂಬಿ ಬಾಗಿಲಿಗೆ ಇಟ್ಟು ನೋಡಿದೆ. ಚೆನ್ನಾಗಿಯೇ ಉಬ್ಬಿತು. ಆದರೆ ನೀರು ಕುಡಿದ ಚೀಲ ನೀರಿನಷ್ಟೇ ತೂಕ, ಮರಳಿನ ಭಾರ ಇಲ್ಲ. ಹೊರಗಿನ ನೀರು ಸ್ವಲ್ಪ ತಳ್ಳಿದ್ದೇ ತಡ, ಚೀಲಗಳು ಜಾರಿ ಹಜಾರಕ್ಕೆ ಬಂದವು. ಆ ಲೋಳೆ ತೊಳೆಯೋಕೆ ಒಂದು ವಾರ ಹಿಡಿಯಿತು.

ನಿಜವಾಗಿ ಕಾಪಾಡಿದ್ದು ಮೇಲ್ಗಡೆಯ ಸುದ್ದಿ. ನಮ್ಮ ಹಳ್ಳ ಹುಟ್ಟುವ ಗುಡ್ಡದ ಕಡೆ ಸ್ನೇಹಿತನ ಮನೆ ಇದೆ. ನೇರ ಗೋಡೆಯ ಡಬ್ಬ ಒಂದನ್ನು ಬಯಲಲ್ಲಿ ಇಟ್ಟು, ಒಳಗೆ ಸ್ಕೇಲ್ ಇಳಿಸಿ ಗಂಟೆಗೊಮ್ಮೆ ಹೇಳುತ್ತಾನೆ. ಇಲ್ಲಿ ಸೇತುವೆ ಕಂಬಕ್ಕೆ ನಾನು ಬಣ್ಣದ ಗೆರೆ ಎಳೆದಿದ್ದೇನೆ. ಅಲ್ಲಿ ಮೂರು ಗಂಟೆಯಲ್ಲಿ 80 ಮಿಲಿಮೀಟರ್ ಬಿದ್ದರೆ ಇಲ್ಲಿ ನಾಲ್ಕು ಗಂಟೆ ಬಿಟ್ಟು ಎರಡು ಅಡಿ ಏರುತ್ತದೆ. ಅದೂ ನೆಲ ಒಣಗಿದ್ದರೆ. ವಾರದಿಂದ ಮಳೆ ಹಿಡಿದಿದ್ದರೆ ಎರಡೂವರೆ ಗಂಟೆಗೇ ಬರುತ್ತದೆ, ಜಾಸ್ತಿಯೂ ಬರುತ್ತದೆ. ನಮ್ಮೂರಲ್ಲಿ ಬಿಸಿಲಿದ್ದಾಗಲೇ ಮೂಟೆ ಜೋಡಿಸುತ್ತಾ ಕೂತಿದ್ದಕ್ಕೆ ಎಷ್ಟು ನಕ್ಕರು ಅಂತೀರಿ.

ಕಂಬದ ಮೇಲಿನ ಕೆಂಪು ಗೆರೆಗೆ ಇನ್ನೂ ಒಂದು ಗೇಣು ಇರುವಾಗಲೇ ಮೇನ್ ಸ್ವಿಚ್ ಇಳಿಸಿ, ಮನೆಯವರನ್ನೆಲ್ಲ ಕರೆದುಕೊಂಡು ಹೊರಡುವುದು ಅಂತ ಮಾಡಿಕೊಂಡಿದ್ದೇನೆ. ಯಾಕೆಂದರೆ ಹೊರಗೆ ಮೂರಡಿ ನೀರು, ಒಳಗೆ ಒಣ ಅಂದರೆ ನೀರಿನ ಒತ್ತಡಕ್ಕೆ ಗೋಡೆಯೇ ಒಡೆಯಬಹುದು. ತಡ ಮಾಡಿದರೆ ರಸ್ತೆಯಲ್ಲೂ ನೀರು ಹರಿಯುತ್ತಿರುತ್ತದೆ. ಅರ್ಧ ಅಡಿ ನೀರು ಜೋರಾಗಿ ಹರಿದರೆ ದೊಡ್ಡವರೇ ಕಾಲು ತಪ್ಪಿ ಬೀಳುತ್ತಾರೆ, ಒಂದಡಿಗೆ ಸಣ್ಣ ಕಾರು ತೇಲುತ್ತದೆ. ಈ ಸಲ ಬ್ಯಾಗ್ ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೆವು, ಆ ಮಟ್ಟಕ್ಕೆ ಏರಲಿಲ್ಲ.

ನೀರು ಇಳಿದ ಮಾರನೇ ದಿನ ವಾಲ್ವ್ ಮುಚ್ಚಳ ಬಿಚ್ಚಿ ನೋಡಿದರೆ, ರೆಕ್ಕೆಯ ಅಂಚಿಗೆ ತಲೆಕೂದಲು ಸುತ್ತಿಕೊಂಡು ಬೆರಳು ತೂರುವಷ್ಟು ಸಂದಿ ಬಿಟ್ಟಿತ್ತು. ಇನ್ನೊಂದು ಮಳೆ ಬಂದಿದ್ದರೆ ಕಷ್ಟವಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಕೆರೆದು ತೆಗೆದೆ.