ಕ್ಷೌರದ ಕತ್ತಿ ಮಸೆಯುವುದು: ಅರ್ಧ ಕೆಲಸ ಮೊದಲ ಕಲ್ಲಿನಲ್ಲೇ

ಮಡಚುವ ಕ್ಷೌರದ ಕತ್ತಿಗೆ ಕೋನವನ್ನು ಕೈಯಲ್ಲಿ ಅಂದಾಜು ಮಾಡಬೇಕಾಗಿಲ್ಲ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿದ್ದರೆ ಸುಮಾರು 16–17 ಡಿಗ್ರಿ ತಾನಾಗಿ ಸಿಗುತ್ತದೆ. ಬೆನ್ನು ಒಮ್ಮೆ ಎದ್ದರೂ ಬಾಯಿ ಮೊಂಡಾಗುತ್ತದೆ.

ಮೊದಲು ಕಲ್ಲು ಸಮ ಮಾಡುತ್ತೇನೆ: ಪೆನ್ಸಿಲ್ಲಿನಲ್ಲಿ ಚೌಕಳಿ ಗೀಚಿ, ದಪ್ಪ ಗಾಜಿನ ಮೇಲೆ ಹಾಸಿದ 220ರ ವಾಟರ್ ಪೇಪರಿನಲ್ಲಿ ಗೀಟೆಲ್ಲ ಅಳಿಯುವ ತನಕ ತಿಕ್ಕುವುದು. ಆಮೇಲೆ 1000ದ ಕಲ್ಲು (ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು). ಅಲಗು ಕಲ್ಲಿನ ಅಗಲಕ್ಕಿಂತ ಉದ್ದವಾಗಿದ್ದರೆ ಬಾಯಿ ಮುಂದಾಗಿ, ಹಿಡಿಯ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಎಳೆಯಬೇಕು. ಜರ್ಮನಿಯ ಸೋಲಿಂಗೆನ್‌ನ ಟೊಳ್ಳು ಅಲಗುಗಳು (ಎರಡೂ ಬದಿ ಒಳಕ್ಕೆ ಬಾಗಿದಂತೆ ಮಸೆದವು) ತೀರ ತೆಳು. ಒತ್ತಿದರೆ ಬಾಗುತ್ತವೆ, ಆಗ ಬಾಯಿಯೇ ಕಲ್ಲಿಗೆ ಸಿಗುವುದಿಲ್ಲ. ಮಸೆಯುವ ಅಂಚಿಗೆ ಮಾರ್ಕರ್ ಶಾಯಿ ಬಳಿದು ಎರಡೆಳೆತ ಎಳೆಯಿರಿ. ಶಾಯಿ ಉಳಿದಲ್ಲಿ ಕಲ್ಲು ತಾಗಿಲ್ಲ. ಬಾಯಿಯನ್ನು ದೀಪಕ್ಕೆ ನೇರ ಹಿಡಿದಾಗ ಎಲ್ಲಿಯೂ ಹೊಳೆಯಬಾರದು, ಉದ್ದಕ್ಕೂ ತೋಳಿನ ಕೂದಲು ಕತ್ತರಿಸಬೇಕು. ಅದಾಗದೆ ಮುಂದಿನ ಕಲ್ಲಿಗೆ ಹೋದರೆ 12000ವೂ ಮೊಂಡು ಬಾಯಿಗೆ ಹೊಳಪು ಕೊಡುತ್ತದೆ, ಅಷ್ಟೇ. ಹೆಚ್ಚಿನವರು ಎಡವುವುದು ಇಲ್ಲೇ.

ಬೆನ್ನು ಸವೆದ ಹಳೆಯ ಕತ್ತಿಯಾದರೆ ಬೆನ್ನಿಗೆ ಒಂದು ಪದರ ಇನ್ಸುಲೇಷನ್ ಟೇಪ್ ಹಾಕುತ್ತೇನೆ. ಹಾಕಿದ ಮೇಲೆ ಕೊನೆಯ ಕಲ್ಲಿನವರೆಗೂ ಇರಬೇಕು, ನಡುವೆ ತೆಗೆದರೆ ಕೋನ ಬದಲಾಗುತ್ತದೆ.

4000, 8000, 12000 ಬೇಗ ಮುಗಿಯುತ್ತವೆ. ಪ್ರತಿಯೊಂದೂ ಹಿಂದಿನ ಕಲ್ಲಿನ ಗೀರು ಅಳಿಸಿದರೆ ಸಾಕು. ಕೊನೆಯ ಎಳೆತಗಳಿಗೆ ಕತ್ತಿಯ ಭಾರವೇ ಸಾಕು, ಕೈಭಾರ ಬೇಡ. ಅತಿಯಾಗಿ ಮಸೆದರೆ ಬಾಯಿಯಲ್ಲಿ ತಂತಿಯಂಥ ಎಳೆ ಏಳುತ್ತದೆ, ಕ್ಷೌರದ ಅರ್ಧದಲ್ಲೇ ಮುರಿಯುತ್ತದೆ. ಹಿಮ್ಮುಖವಾಗಿ ಐದಾರು ಹಗುರ ಎಳೆತ ಎಳೆದು, ಮತ್ತೆ ಮುಮ್ಮುಖ ಮಸೆದರೆ ಅದು ಹೋಗುತ್ತದೆ.

ದಿನದ ಕೆಲಸ ಪಟ್ಟಿಯದು (ಕತ್ತಿ ಸವರುವ ಬಟ್ಟೆ, ಚರ್ಮದ ಪಟ್ಟಿ): ಬಟ್ಟೆಯ ಮೇಲೆ 20 ಸಲ, ಚರ್ಮದ ಮೇಲೆ 50 ಸಲ ಹೋಗಿಬರುವುದು. ಬೆನ್ನು ಮುಂದಿರಲಿ, ತಿರುವುವಾಗ ಬೆನ್ನಿನ ಮೇಲೆಯೇ ತಿರುಗಲಿ. ಪಟ್ಟಿ ಸಡಿಲವಾದರೆ ಬಾಯಿ ಉರುಟಾಗುತ್ತದೆ. ಗಡ್ಡ ಎಳೆದಂತಾದಾಗ, ಬೇರೆಯೇ ಪಟ್ಟಿಗೆ ಸವರಿದ 0.5 ಮೈಕ್ರಾನ್ ಕ್ರೋಮಿಯಂ ಆಕ್ಸೈಡ್ ಮೇಲೆ 10 ಸಲ ಸಾಕು. ದಿನಬಳಕೆಯ ಚರ್ಮಕ್ಕೆ ಅದನ್ನು ಸೋಕಿಸಲೇಬೇಡಿ.

ಕರಾವಳಿಯ ಮಳೆಗಾಲದಲ್ಲಿ ಕತ್ತಿಯನ್ನು ಬಚ್ಚಲುಮನೆಯಲ್ಲಿ ಇಡಬಾರದು. ಒರೆಸಿ, ಒಣಗಿಸಿ, ಹೊಲಿಗೆ ಮಷೀನಿನ ಎಣ್ಣೆ ತೆಳುವಾಗಿ ಸವರಿ. ತುಕ್ಕಿನಿಂದ ಬಾಯಿಯಲ್ಲೇ ಗುಳಿ ಬಿದ್ದರೆ ಅಲ್ಲಿ ಚಕ್ಕೆ ಏಳುತ್ತದೆ. ಮತ್ತೆ 1000ದ ಕಲ್ಲಿಗೇ ಹೋಗಬೇಕು.