ಯುಗಾದಿಗೆ ಹಣ್ಣು ಬೇಕಾದರೆ ಧನುರ್ಮಾಸದಲ್ಲೇ ಬೀಜ ಹಾಕಿ

ಬೆಂಗಳೂರಿನಲ್ಲಿ ಟೊಮೆಟೊ ಬೀಜವನ್ನು ಬಿಸಿಲು ಏರಿದ ಮೇಲೆ ಹಾಕುವವರೇ ಹೆಚ್ಚು. ಶಿವರಾತ್ರಿ ಕಳೆಯಿತು, ಚಳಿ ಹೋಯಿತು, ಇನ್ನು ಗಿಡ ಚೆನ್ನಾಗಿ ಬರುತ್ತದೆ ಅನ್ನುವ ಲೆಕ್ಕ. ಗಿಡವೇನೋ ಬರುತ್ತದೆ, ಹೂವನ್ನೂ ಬಿಡುತ್ತದೆ. ಆದರೆ ಏಪ್ರಿಲ್ ಬಂತೆಂದರೆ ತೊಟ್ಟು ಹಳದಿಯಾಗಿ ಹೂವೆಲ್ಲ ಕೆಳಗೆ ಬೀಳುತ್ತದೆ. ಹೇಗೋ ಉಳಿದು ಕಾಯಿ ಕಟ್ಟಿದ್ದು ಕೆಂಪಾಗುವ ಹೊತ್ತಿಗೆ ಮೇ ತಿಂಗಳ ಗಾಳಿಮಳೆ, ಆಲಿಕಲ್ಲು. ಹಣ್ಣು ಬಿರಿದು ಕೊಳೆಯುತ್ತದೆ. ಏಪ್ರಿಲ್ ಸೆಕೆಗೆ ಮೊದಲೇ ಹೂವು ಕಾಯಿಯಾಗಬೇಕು, ಮೇ ಮಳೆಗೆ ಮೊದಲೇ ಕಾಯಿ ಹಣ್ಣಾಗಬೇಕು. ಹಾಗೆ ನೋಡಿದರೆ ನಮ್ಮೂರಿನಲ್ಲಿ ಟೊಮೆಟೊಗೆ ಸಿಗುವ ಬೇಸಿಗೆ ಬಹಳ ಚಿಕ್ಕದು.

ಹೂವು ಉದುರುವುದಕ್ಕೆ ಗೊಬ್ಬರ ಸಾಲದು ಅಂತ ಇನ್ನಷ್ಟು ಗೊಬ್ಬರ ಸುರಿಯುತ್ತಾರೆ. ನಿಜವಾದ ಕಾರಣ ರಾತ್ರಿಯ ಸೆಕೆ. ರಾತ್ರಿ 15ರಿಂದ 20 ಡಿಗ್ರಿಯೊಳಗೆ ತಂಪಾಗಿದ್ದರೆ ಟೊಮೆಟೊ ಹೂವು ಚೆನ್ನಾಗಿ ಕಾಯಿ ಕಚ್ಚುತ್ತದೆ. ಹಗಲು 35ರ ಹತ್ತಿರ ಹೋಗಿ, ರಾತ್ರಿಯೂ 22–23ಕ್ಕಿಂತ ಕೆಳಗೆ ಇಳಿಯದಿದ್ದರೆ ಪರಾಗ ಜೊಳ್ಳಾಗುತ್ತದೆ. ನಮ್ಮ ಜನವರಿ, ಫೆಬ್ರವರಿ ರಾತ್ರಿಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಏಪ್ರಿಲ್ ರಾತ್ರಿಗಳು ಹಾಗಲ್ಲ, ಅದರಲ್ಲೂ ಹಗಲೆಲ್ಲ ಕಾದ ತಾರಸಿಯ ಮೇಲೆ.

ಅದಕ್ಕೇ ನಾನು ಹೇಳುವುದು, ಧನುರ್ಮಾಸ ಹಿಡಿಯುವ ಹೊತ್ತಿಗೆ, ಅಂದರೆ ಡಿಸೆಂಬರ್ ಮಧ್ಯದೊಳಗೆ ಬೀಜ ಹಾಕಿಬಿಡಿ. ಚಳಿಯಲ್ಲಿ ಮೊಳಕೆ ಸ್ವಲ್ಪ ತಡ. ಟ್ರೇಯನ್ನು ರಾತ್ರಿ ಅಡುಗೆಮನೆಯೊಳಗೆ ಇಟ್ಟು, ಹಗಲು ಹೊರಗಿಟ್ಟರೆ ವಾರದಲ್ಲಿ ತಲೆ ಎತ್ತುತ್ತವೆ. ಸಂಕ್ರಾಂತಿಗೆ ಸಸಿ ಕುಂಡಕ್ಕೆ ಹೋಗಬೇಕು. ಆಗ ಫೆಬ್ರವರಿ ಮಧ್ಯದಲ್ಲಿ ಹೂವು, ಅಲ್ಲಿಂದ ಸುಮಾರು 45 ದಿನಕ್ಕೆ ಮೊದಲ ಹಣ್ಣು. ಯುಗಾದಿ ಆಸುಪಾಸಿಗೆ ನಿಮ್ಮ ಮನೆಯ ಟೊಮೆಟೊದಲ್ಲೇ ಸಾರು ಕುದಿಯುತ್ತದೆ.

ತಳಿ ಆರಿಸುವಾಗ ಬೇಗ ಹಣ್ಣಾಗುವುದನ್ನೇ ಕೇಳಿ ತನ್ನಿ. ಚೆರ್ರಿ ಟೊಮೆಟೊ ಎಲ್ಲಕ್ಕಿಂತ ಮೊದಲು ಕೈಗೆ ಬರುತ್ತದೆ, ಮಕ್ಕಳಿರುವ ಮನೆಗೆ ಒಂದು ಗಿಡವಾದರೂ ಇರಲಿ. ಪೂಸಾ ರೂಬಿ ಹಳೆಯ ತಳಿ, ನಾಟಿ ಮಾಡಿ ಎರಡು ತಿಂಗಳು ದಾಟುವಷ್ಟರಲ್ಲಿ ಹಣ್ಣು ಕೊಡುತ್ತದೆ, ಹುಳಿಯೂ ಇರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ಎಲೆ ಮುಟುರು ರೋಗ, ಸೊರಗು ರೋಗ, ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಹಿಂದಿನ ವರ್ಷ ಎಲೆ ಮುದುಡಿ ಗಿಡ ಹಾಳಾಗಿದ್ದರೆ ಅದನ್ನೇ ಹಾಕಿ. ಅದು ಹೈಬ್ರಿಡ್, ಹಣ್ಣಿನ ಬೀಜ ತೆಗೆದಿಟ್ಟು ಮುಂದಿನ ವರ್ಷಕ್ಕೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಬಳಿದು ಖಾಲಿಯಾದ 20 ಲೀಟರ್ ಪೇಂಟ್ ಬಕೆಟ್ ಒಂದು ಗಿಡಕ್ಕೆ ಸರಿಯಾಗುತ್ತದೆ, ಚೆನ್ನಾಗಿ ತೊಳೆದು ತಳಕ್ಕೆ ತೂತು ಹಾಕಿ. ಕೆಂಪುಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಸಾಕು. ಸಸಿಯನ್ನು ಸಂಜೆ ನೆಡಿ, ಕೆಳಗಿನ ಎಲೆ ಕಿತ್ತು ಕಾಂಡವನ್ನು ಅರ್ಧದಷ್ಟು ಮಣ್ಣೊಳಗೆ ಇಳಿಸಿ. ಹೂತ ಕಾಂಡದ ಉದ್ದಕ್ಕೂ ಬೇರು ಬಿಡುತ್ತದೆ. ಹೂವು ಬರುವ ತನಕ ಮತ್ತೆ ಗೊಬ್ಬರ ಬೇಡ. ಸಾರಜನಕ ಹೆಚ್ಚಾದ ಗಿಡ ಎಲೆಯಲ್ಲೇ ಸೊಕ್ಕಿ ಹೂವನ್ನು ಮುಂದಕ್ಕೆ ಹಾಕುತ್ತದೆ, ನಮಗೆ ಇಲ್ಲದಿರುವುದೇ ಸಮಯ.

ಹೂವು ಬಿಟ್ಟ ಮೇಲೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಗಿಡವನ್ನು ಮೆಲ್ಲಗೆ ಅಲುಗಿಸಿ. ಟೊಮೆಟೊ ಹೂವಿನ ಪರಾಗ ಅದುರಿದರೆ ಮಾತ್ರ ಸರಿಯಾಗಿ ಉದುರುವುದು. ತೋಟದಲ್ಲಾದರೆ ಗಾಳಿಯೂ ದುಂಬಿಯೂ ಆ ಕೆಲಸ ಮಾಡುತ್ತವೆ. ಎಂಟನೇ ಮಹಡಿಯ ಬಾಲ್ಕನಿಗೆ ದುಂಬಿ ಬರುವುದು ಅಪರೂಪ, ಅಲ್ಲಿ ನಿಮ್ಮ ಬೆರಳೇ ದುಂಬಿ. ದಿನಾ ಅರ್ಧ ನಿಮಿಷದ ಈ ಕೆಲಸಕ್ಕೆ ಸಿಗುವ ಫಲ ಯಾವ ಗೊಬ್ಬರಕ್ಕೂ ಸಿಗದು.

ನೀರಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಕಾಯಿಯ ತಳ ಕಪ್ಪಾಗಿ ಕುಸಿದರೆ ರೋಗವೆಂದು ಔಷಧಿ ಹುಡುಕಬೇಡಿ. ಒಂದು ದಿನ ಮಣ್ಣು ಒಣಗಿಸಿ, ಮರುದಿನ ಬಕೆಟ್‌ಗಟ್ಟಲೆ ಸುರಿದಾಗ ಸುಣ್ಣದ ಅಂಶ ಕಾಯಿಗೆ ತಲುಪದೆ ಹಾಗಾಗುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ, ಒಂದೇ ಅಳತೆಯಲ್ಲಿ ಹಾಕಿ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಹೇಳಿದ್ದು ನೆನಪಿರಬಹುದು. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಒಂದು ಬಕೆಟ್‌ನಲ್ಲಿ ಕೂಡಿಡುವ ಅಭ್ಯಾಸ ಮಾಡಿಕೊಂಡರೆ ನಾಲ್ಕೈದು ಗಿಡಕ್ಕೆ ಅದೇ ಆಗುತ್ತದೆ. ಉಪ್ಪು ಹಾಕಿದ ನೀರು ಮಾತ್ರ ಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಹೊಂಗೆ ಮರ ಬೀದಿ ತುಂಬ ಎಲೆ ಉದುರಿಸುತ್ತದೆ. ಅದನ್ನು ಗುಡಿಸಿ ಬೆಂಕಿ ಹಚ್ಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಎರಡು ಚೀಲ ತಂದು ಕುಂಡದ ಮಣ್ಣಿನ ಮೇಲೆ ದಪ್ಪಗೆ ಹೊದಿಸಿ, ತೇವ ಆರುವುದಿಲ್ಲ. ಗಿಡ ಕಪ್ಪು ಬ್ಯಾಗಿನಲ್ಲಿದ್ದರೆ ಮಣ್ಣು ಕಾಯದಂತೆ ಸುತ್ತ ಬಿಳಿ ಬಟ್ಟೆ ಕಟ್ಟಿ, ಕೆಳಗೆ ಇಟ್ಟಿಗೆ ಕೊಡಿ.

ಎಲೆ ಮುಟುರು ರೋಗವನ್ನು ಹರಡುವುದು ಬಿಳಿ ನೊಣ. ಸಸಿ ಎಳೆಯದಾಗಿರುವಾಗ ಹಳೆಯ ಸೊಳ್ಳೆಪರದೆ ಹೊದಿಸುವುದೇ ಉತ್ತಮ ಕಾವಲು. ಪೂರ್ತಿ ಮುದುಡಿದ ಗಿಡವನ್ನು ಕರುಣೆಯಿಂದ ಉಳಿಸಿಕೊಳ್ಳಬೇಡಿ, ಪಕ್ಕದ್ದಕ್ಕೂ ಅಂಟುತ್ತದೆ.

ಮಾರ್ಚ್ ಮುಗಿಯುತ್ತಿದ್ದಂತೆ ಬಳ್ಳಿಯಂತೆ ಎತ್ತರಕ್ಕೆ ಹೋಗುವ ಗಿಡಗಳ ತುದಿ ಚಿವುಟಿಬಿಡಿ. ಇನ್ನು ಮುಂದೆ ಬರುವ ಹೂವು ಹಣ್ಣಾಗುವುದು ಅನುಮಾನ, ಇರುವ ನಾಲ್ಕೈದು ಗೊಂಚಲಿಗೆ ಶಕ್ತಿ ಹೋಗಲಿ. ಕಾಯಿಗೆ ಬಿಸಿಲು ತಾಗಲೆಂದು ಎಲೆ ಕೀಳಬೇಡಿ. ಬಿಸಿಲಿನ ಝಳಕ್ಕೆ ಸಿಪ್ಪೆ ಸುಟ್ಟು ಬೆಳ್ಳಗಾಗುತ್ತದೆ.

ಏಪ್ರಿಲ್‌ನಲ್ಲಿ ಹಣ್ಣು ಗಿಡದಲ್ಲೇ ಕೆಂಪಾಗಲಿ ಎಂದು ಕಾಯುವುದೂ ಬೇಡ. 30 ಡಿಗ್ರಿ ದಾಟಿದ ಬಿಸಿಯಲ್ಲಿ ಕೆಂಪು ಬಣ್ಣ ಸರಿಯಾಗಿ ಕಟ್ಟದೆ ಹಳದಿಮಿಶ್ರಿತವಾಗಿ ಉಳಿಯುತ್ತದೆ. ತಳದಲ್ಲಿ ನಸುಗೆಂಪು ಕಂಡ ದೋರೆಗಾಯಿಯನ್ನೇ ಕಿತ್ತು ತಂದು, ಒಂದು ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿಟ್ಟು ಮನೆಯ ತಂಪು ಮೂಲೆಯಲ್ಲಿಡಿ, ಮೂರ್ನಾಲ್ಕು ದಿನಕ್ಕೆ ಒಳ್ಳೆಯ ಬಣ್ಣ ಬರುತ್ತದೆ. ಫ್ರಿಜ್ಜಿಗೆ ಹಾಕಿದರೆ ಹಣ್ಣಾಗುವುದೂ ನಿಲ್ಲುತ್ತದೆ, ರುಚಿಯೂ ಹೋಗುತ್ತದೆ.

ದೊಡ್ಡ ಮಳೆ ಶುರುವಾದರೆ ಉಳಿದ ಬಲಿತ ಕಾಯನ್ನೆಲ್ಲ ಒಮ್ಮೆಗೇ ಬಿಡಿಸಿ, ಹಸಿರು ಕಾಯಿಗೆ ಕಡಲೆಕಾಯಿ ಬೀಜ, ಹಸಿಮೆಣಸಿನಕಾಯಿ ಹುರಿದು ಸೇರಿಸಿ ಚಟ್ನಿ ರುಬ್ಬಿಕೊಳ್ಳಿ, ರಾಗಿ ರೊಟ್ಟಿಗೆ ಬಹಳ ಚೆನ್ನಾಗಿರುತ್ತದೆ. ಗಿಡ ಕಿತ್ತ ಕುಂಡಕ್ಕೆ ಮತ್ತೆ ಟೊಮೆಟೊ, ಬದನೆ, ಮೆಣಸಿನಕಾಯಿ ಹಾಕದೆ, ಮಳೆಗಾಲಕ್ಕೆ ದಂಟಿನ ಸೊಪ್ಪೋ ಹುರುಳಿಕಾಯಿಯೋ ಬಿತ್ತಿ.