ವೋರ್ಟೆಕ್ಸ್ ಬಿಟ್ಟ ಮೇಲೆ ನನ್ನ ಬ್ಯಾಕ್ಟೀರಿಯಾ ಅಂಟ್ಕೊಳ್ತು

ಒಳ್ಳೆ ಬ್ಯಾಕ್ಟೀರಿಯಾ ಕರುಳಿನ ಲೋಳೆಗೆ ಹೆಂಗೆ ಅಂಟ್ಕೊಳ್ಳುತ್ತೆ ಅಂತ ನೋಡೋದೇ ನನ್ನ ಪಿಎಚ್‌ಡಿ ಕೆಲಸ, ಆದ್ರೆ ಮೊದಲ ಎಷ್ಟೋ ತಿಂಗಳು ಒಂದು ರಿಸಲ್ಟೂ ನೆಟ್ಟಗೆ ಬರ್ಲಿಲ್ಲ. ಕಾರಣ ನನ್ನ ಕೈಯಲ್ಲೇ ಇತ್ತು. ಇದೇ ಕೆಲಸ ಶುರು ಮಾಡೋರಿಗೆ ಆ ಪಾಡು ಬೇಡ ಅಂತ ಬರೀತಿದೀನಿ.

ನಾನು ತಗೊಂಡಿದ್ದು ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ ಅನ್ನೋ ಒಳ್ಳೆ ಬ್ಯಾಕ್ಟೀರಿಯಾ. 1980ರ ದಶಕದಲ್ಲಿ ಗೋರ್ಬಾಕ್ ಮತ್ತೆ ಗೋಲ್ಡಿನ್ ಅನ್ನೋ ಇಬ್ಬರು ಆರೋಗ್ಯವಂತ ಮನುಷ್ಯನ ಮಲದಿಂದ ಬೇರ್ಪಡಿಸಿದ್ದು, ಜಿಜಿ ಅಂದ್ರೆ ಅವರಿಬ್ಬರ ಹೆಸರಿನ ಮೊದಲಕ್ಷರ. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಕುಲನ ಒಡೆದಾಗ ಇದರ ಹೆಸರು ಲ್ಯಾಕ್ಟಿಕೇಸಿಬ್ಯಾಸಿಲಸ್ ಆಯ್ತು, ಲ್ಯಾಬಲ್ಲಿ ಮಾತ್ರ ಎಲ್ರಿಗೂ ಇನ್ನೂ ಎಲ್‌ಜಿಜಿನೇ.

ಇದರ ಮೈಮೇಲೆ ಕೂದಲಿನಂಥ ಸಣ್ಣ ಎಳೆಗಳಿವೆ, ಪಿಲೈ ಅಂತಾರೆ. 2009ರಲ್ಲಿ ಫಿನ್‌ಲೆಂಡಿನ ತಂಡ ಇದನ್ನೂ ಇದರ ಹತ್ತಿರದ ನೆಂಟ ಎಲ್‌ಸಿ705ನ್ನೂ ಪಕ್ಕಪಕ್ಕ ಇಟ್ಟು ಜೀನೋಮ್ ಓದಿದಾಗ ಪಿಲೈ ಕಟ್ಟೋ ಈ ಜೀನ್‌ಗಳು ಜಿಜಿಲಿ ಮಾತ್ರ ಸಿಕ್ವು, ಎರಡನ್ನೂ ಸೇವಿಸಿದ ಜನರ ಕರುಳಲ್ಲಿ ಜಾಸ್ತಿ ದಿನ ಉಳಿದಿದ್ದೂ ಜಿಜಿನೇ. ಸ್ಪಾಎ ಅನ್ನೋ ಪ್ರೋಟೀನು ಮಣಿ ಪೋಣಿಸಿದಂಗೆ ಸಾಲಾಗಿ ಕೂತು ಎಳೆ ಆಗುತ್ತೆ, ಬುಡದಲ್ಲಿ ಸ್ಪಾಬಿ, ತುದೀಲೂ ಮೈಯುದ್ದಕ್ಕೂ ಸ್ಪಾಸಿ. ಲೋಳೆನ ಹಿಡಿಯೋದು ಆ ಸ್ಪಾಸಿ. ಸಾರ್ಟೇಸ್ ಕಿಣ್ವ ಇವನ್ನ ಕೋವೇಲೆಂಟ್ ಬಂಧದಿಂದ ಬೆಸೆಯುತ್ತೆ, ಹಂಗಾಗಿ ಎಸ್‌ಡಿಎಸ್ ಅನ್ನೋ ಡಿಟರ್ಜೆಂಟ್ ಹಾಕಿ ಕುದಿಸಿದ್ರೂ ಮಣಿಗಳು ಬಿಡಿಸ್ಕೊಳ್ಳಲ್ಲ, ವೆಸ್ಟರ್ನ್ ಬ್ಲಾಟಲ್ಲಿ (ಪ್ರೋಟೀನುಗಳನ್ನ ಗಾತ್ರದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸೋ ಪರೀಕ್ಷೆ) ಒಂದೇ ಬ್ಯಾಂಡ್ ಬರೋ ಬದಲು ಮೇಲಿನವರೆಗೂ ಏಣಿ ತರ ಕಾಣುತ್ತೆ.

ನಾನು ಎಡವಿದ್ದು ಇಲ್ಲೇ. ಕುದಿಸಿದ್ರೂ ಬಿಡದ ಎಳೆ ಅಂದ್ಮೇಲೆ ಏನು ಮಾಡಿದ್ರೂ ತಡ್ಕೊಳ್ಳುತ್ತೆ ಅಂದ್ಕೊಂಡೆ. ಹೈ ಸ್ಪೀಡಲ್ಲಿ ಸೆಂಟ್ರಿಫ್ಯೂಜ್, ತಳದಲ್ಲಿ ಬ್ಯಾಕ್ಟೀರಿಯಾದ ಗಟ್ಟಿ ಪೆಲೆಟ್, ಅದನ್ನ ಕರಗಿಸೋಕೆ ವೋರ್ಟೆಕ್ಸ್ (ಟ್ಯೂಬನ್ನ ಜೋರಾಗಿ ಅಲುಗಾಡಿಸೋ ಮೆಷಿನ್) ಫುಲ್, ಹಿಂಗೆ ಮೂರು ಸಲ ತೊಳೀತಿದ್ದೆ. ಆಮೇಲೆ ನೋಡಿದ್ರೆ ಸ್ಪಾಸಿ ಜೀನ್ ತೆಗೆದ ಮ್ಯುಟೆಂಟೂ ಮಾಮೂಲಿ ಜಿಜಿನೂ ಮ್ಯೂಸಿನ್ (ಲೋಳೆಯ ಮುಖ್ಯ ಪ್ರೋಟೀನು) ಬಳಿದ ವೆಲ್‌ನಲ್ಲಿ, ಅಂದ್ರೆ ಪ್ಲೇಟಿನ ಸಣ್ಣ ಗುಳೀಲಿ, ಒಂದೇ ತರ ಅಂಟಿದ್ವು. ಮ್ಯೂಸಿನ್ ಸರಿಯಿಲ್ಲ ಅಂತ ಹೊಸ ಬ್ಯಾಚ್ ತಂದೆ, ಪ್ಲೇಟ್ ಬದಲಾಯಿಸಿದೆ, ಆಂಟಿಬಾಡಿ ಮೇಲೂ ಅನುಮಾನ ಪಟ್ಟೆ. ಕೊನೆಗೆ ಗೈಡ್ "ಒಂದ್ಸಲ ಇಎಮ್‌ನಲ್ಲಿ ನೋಡಮ್ಮ" ಅಂದ್ರು, ಅಂದ್ರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ. ನೋಡಿದೆ. ಜೀವಕೋಶಗಳೆಲ್ಲ ಬೋಳು, ಮುರಿದ ಎಳೆಗಳು ಗ್ರಿಡ್ ತುಂಬ ಬಿದ್ದಿದ್ವು, ಪಿಲೈ ಗುರುತಿಸೋಕೆ ಆಂಟಿಬಾಡಿ ಜೊತೆ ಹಾಕಿದ ಗೋಲ್ಡ್ ಕಣಗಳು ಅಂಟಿದ್ದು ಆ ಚೂರುಗಳಿಗೆ. ಕುದಿಯೋದು ಬೇರೆ, ಎಳೆದಾಡೋದು ಬೇರೆ ಅಂತ ಅವತ್ತು ಅರ್ಥ ಆಯ್ತು.

ಅವತ್ತಿಂದ ವೋರ್ಟೆಕ್ಸ್ ಮುಟ್ಟಿಲ್ಲ. ಎಮ್‌ಆರ್‌ಎಸ್ ಮೀಡಿಯಾದಲ್ಲಿ 37 ಡಿಗ್ರಿಗೆ ಶೇಕ್ ಮಾಡದೆ ರಾತ್ರಿಯಿಡೀ ಬೆಳೆಸ್ತೀನಿ, ಪೆಲೆಟ್ ಕೂರೋಕೆ ಎಷ್ಟು ಬೇಕೋ ಅಷ್ಟೇ ಕಡಿಮೆ ಸ್ಪೀಡು, ಮೇಲಿನ ನೀರು ಸ್ವಲ್ಪ ಉಳಿಸಿ ಟ್ಯೂಬನ್ನ ಅಂಗೈಲಿ ಮೆಲ್ಲಗೆ ಉರುಳಿಸಿ ಕರಗಿಸೋದು, ಪೈಪೆಟ್ ಟಿಪ್ಪಿನ ತುದಿ ಕತ್ತರಿಸಿ ಬಾಯಿ ಅಗಲ ಮಾಡ್ಕೊಳ್ಳೋದು, ಪಿಬಿಎಸ್ ಅನ್ನೋ ಉಪ್ಪಿನ ದ್ರಾವಣದಲ್ಲಿ ತೊಳೆಯೋದು ಒಂದೇ ಸಲ. ಪ್ಲೇಟಿಗೆ ಹಿಂದಿನ ರಾತ್ರಿನೇ ಮ್ಯೂಸಿನ್ ಹಾಕಿ 4 ಡಿಗ್ರೀಲಿ ಇಟ್ಟಿರ್ತೀನಿ, ಪಕ್ಕದ ಸಾಲಿಗೆ ಹೋಲಿಕೆಗೆ ಅಂತ ಬರೀ ಬಿಎಸ್‌ಎ ಅನ್ನೋ ಬೇರೆ ಪ್ರೋಟೀನು, ಯಾಕಂದ್ರೆ ಪ್ಲಾಸ್ಟಿಕ್ಕಿಗೆ ಅಂಟಿದ್ದನ್ನ ಲೋಳೆಗೆ ಅಂಟಿದ್ದು ಅಂತ ಎಣಿಸಬಾರದಲ್ಲ. ಬ್ಯಾಕ್ಟೀರಿಯಾ ಹಾಕಿ ಒಂದು ಗಂಟೆ 37 ಡಿಗ್ರಿ, ಆಮೇಲೆ ವೆಲ್ಲಿನ ಗೋಡೆ ಮೇಲಿಂದ ಪಿಬಿಎಸ್ ಇಳಿಸಿ ತೊಳೀರಿ, ಎಲ್ಲ ವೆಲ್ಲನ್ನೂ ಸಮನಾಗಿ ಅಷ್ಟಷ್ಟೇ ಸಲ.

ಇಷ್ಟಾದ ಮೇಲೆ ಮ್ಯುಟೆಂಟಿಗೂ ಜಿಜಿಗೂ ವ್ಯತ್ಯಾಸ ಬಂತು. ಬಂದ ತಕ್ಷಣ ನಂಬ್ಬೇಡಿ, ಸ್ಪಾಸಿ ಆಂಟಿಬಾಡಿ ಜೊತೆ ಮೊದಲೇ ಕಲಸಿಟ್ಟು ಇನ್ನೊಂದ್ಸಲ ಮಾಡಿ, ಅಂಟೋದು ಇಳಿದ್ರೆ ಅದು ಪಿಲೈ ಕೆಲಸ. ಎಣಿಸೋದ್ರಲ್ಲೂ ಒಂದು ತೊಂದ್ರೆ ಇದೆ, ಎಲ್‌ಜಿಜಿ ಸರಪಳಿ ಕಟ್ಟುತ್ತೆ, ಹತ್ತು ಕೋಶದ ಸರಪಳಿ ಅಗಾರ್ ಮೇಲೆ ಒಂದೇ ಕಾಲನಿ ಆಗಿಬಿಡುತ್ತೆ, ಹಂಗಾಗಿ ಮೈಕ್ರೋಸ್ಕೋಪಲ್ಲೂ ನೋಡಿ.

ಸ್ಟಾಕ್ ವಿಷಯದಲ್ಲಿ ಹುಷಾರು. ಮಾರಾಟದಲ್ಲಿರೋ ಉತ್ಪನ್ನಗಳಿಂದ ತೆಗೆದ ಕೆಲವು ಎಲ್‌ಜಿಜಿಗಳಲ್ಲಿ ಪಿಲೈ ಜೀನ್ ಇರೋ ಭಾಗನೇ ಉದುರಿ ಹೋಗಿರೋದು ವರದಿ ಆಗಿದೆ. ನಾನು ಹೊಸ ಗ್ಲಿಸರಾಲ್ ಸ್ಟಾಕ್ ಮಾಡಿದಾಗೆಲ್ಲ ಹಲವು ಕಾಲನಿ ಆರಿಸಿ ಸ್ಪಾಸಿ ಜೀನ್ ಇದೆಯಾ ಅಂತ ಪಿಸಿಆರ್ ಮಾಡಿ ನೋಡ್ತೀನಿ. ಮೈಮೇಲಿನ ಸಕ್ಕರೆ ಪದರಾನೂ ಮರೀಬೇಡಿ, ಅದು ದಪ್ಪ ಇದ್ರೆ ಎಳೆಗಳು ಅದರೊಳಗೆ ಮುಚ್ಚಿ ಹೋಗ್ತವೆ, ಆ ಪದರ ಕಡಿಮೆ ಇರೋ ಮ್ಯುಟೆಂಟ್ ಜಾಸ್ತಿನೇ ಅಂಟುತ್ತೆ.

ಇನ್ನೊಂದು, ಫ್ಲಾಸ್ಕಲ್ಲಿ ಪಿಲೈ ಕಾಣ್ಲಿಲ್ಲ ಅಂತ ಯಾವ ಬ್ಯಾಕ್ಟೀರಿಯಾನೂ ತಳ್ಳಿಹಾಕ್ಬೇಡಿ. ಬಿಫಿಡೋಬ್ಯಾಕ್ಟೀರಿಯಂ ಬ್ರೀವೆ ಮೇಲೆ 2011ರಲ್ಲಿ ಐರ್ಲೆಂಡಿನವರು ಮಾಡಿದ ಕೆಲಸ ಓದಿ ನಂಗೆ ಮೈ ಜುಮ್ ಅಂದಿತ್ತು, ಅದರ ಟ್ಯಾಡ್ ಅನ್ನೋ ಬೇರೆ ಜಾತಿಯ ಪಿಲೈ ಲ್ಯಾಬ್ ಕಲ್ಚರಲ್ಲಿ ಕಾಣ್ಲಿಲ್ಲ, ಇಲಿ ಕರುಳಿಂದ ತೆಗೆದ ಕೋಶಗಳ ಮೇಲೆ ಕಾಣಿಸ್ತು, ಟ್ಯಾಡ್ ಜೀನ್ ಕೆಡಿಸಿದ ಮ್ಯುಟೆಂಟ್ ಇಲಿ ಕರುಳಲ್ಲಿ ನೆಲೆ ನಿಲ್ಲಲೇ ಇಲ್ಲ. ನನ್ನ ವೆಲ್ಲಲ್ಲಿರೋದು ಹಂದಿ ಹೊಟ್ಟೆಯ ಮ್ಯೂಸಿನ್, ಮುಖ್ಯವಾಗಿ ಮಕ್5ಎಸಿ ಅನ್ನೋ ಬಗೆ, ದೊಡ್ಡ ಕರುಳಲ್ಲಿರೋದು ಮುಖ್ಯವಾಗಿ ಮಕ್2 ಅನ್ನೋ ಇನ್ನೊಂದು ಬಗೆ. ಅದಕ್ಕೇ ಈಗ ಮಕ್2 ಮಾಡೋ ಎಲ್‌ಎಸ್174ಟಿ ಅನ್ನೋ ಮನುಷ್ಯರ ಕರುಳಿನ ಕ್ಯಾನ್ಸರ್ ಕೋಶಗಳನ್ನ ಬೆಳೆಸ್ತಿದೀನಿ, ಇದೇ ಮೆಲ್ಲಗೆ ತೊಳೆಯೋ ವಿಧಾನನ ಅದರ ಮೇಲೆ ಮಾಡಬೇಕು.